ನೆಲ್ಲೂರಿನಿಂದ ಬಂದ ನಮ್ಮವನು

(ಬಸವೇಶ್ವರನಗರದಲ್ಲಿ ಹುಡುಗರ ಮುಂದೆ ಆಡಿದ ಮಾತು)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ರಾಜಾಜಿನಗರದಲ್ಲಿ ಪ್ರೆಸ್ ಇಟ್ಟುಕೊಂಡವನು. ನಿಮ್ಮ ರಾಜ್ಯೋತ್ಸವದ ಕರಪತ್ರ, ರಸೀದಿ ಪುಸ್ತಕ ಅಚ್ಚು ಹಾಕುವುದು ನನ್ನ ಕಸುಬು. ಹೋದ ನವೆಂಬರ್ ಬಾಕಿ ಇನ್ನೂ ಬಂದಿಲ್ಲ, ಅದು ಬೇರೆ ವಿಚಾರ.

ಮೊನ್ನೆ ಒಂದು ಕರಪತ್ರದ ಪ್ರೂಫ್ ಬಂತು. ಮನೆಮಾತು ಕನ್ನಡವಾದವನು ಮಾತ್ರ ಕನ್ನಡಿಗ, ಉಳಿದವರೆಲ್ಲ ಹೊರಗಿನವರು ಎಂದು ಅದರಲ್ಲಿತ್ತು. ತಂದ ಹುಡುಗರನ್ನು ಕೂರಿಸಿ, ಟೀ ತರಿಸಿ, ಪಟ್ಟಾಭಿರಾಮ ರೆಡ್ಡಿ ಯಾರು ಗೊತ್ತಾ ಎಂದು ಕೇಳಿದೆ. ರಿಯಲ್ ಎಸ್ಟೇಟಿನವರಾ ಸಾರ್ ಎಂದರು! ಅದಕ್ಕೇ ಇವತ್ತು ಅವರ ವಿಷಯ ಹೇಳುತ್ತೇನೆ.

1919ರಲ್ಲಿ ನೆಲ್ಲೂರಿನಲ್ಲಿ ಹುಟ್ಟಿದ ಮನುಷ್ಯ. ಇಪ್ಪತ್ತರ ವಯಸ್ಸಿಗೇ ಹೊಸ ಬಗೆಯ ತೆಲುಗು ಕವಿತೆ ಬರೆದು ಗಲಾಟೆ ಎಬ್ಬಿಸಿದವರು. ಕಲ್ಕತ್ತ, ಅಮೆರಿಕದ ಕೊಲಂಬಿಯಾದಲ್ಲಿ ಓದು. ಆಮೇಲೆ ತೆಲುಗು ಚಿತ್ರಗಳ ನಿರ್ಮಾಪಕ. ಆ ದುಡ್ಡಿನ ದಾರಿಯಲ್ಲೇ ಇದ್ದಿದ್ದರೆ ಸುಖವಾಗಿ ಇರುತ್ತಿದ್ದರು. ಆದರೆ ಲೋಹಿಯಾ ಹುಚ್ಚು ಹಿಡಿದಿತ್ತು. ಅನಂತಮೂರ್ತಿಯವರ 1965ರ ಕಾದಂಬರಿ 'ಸಂಸ್ಕಾರ' ಕೈಗೆ ಬಂತು.

ಒಂದು ಲಕ್ಷ ರೂಪಾಯಿಯೊಳಗೆ ಸಿನಿಮಾ. ಶೃಂಗೇರಿ ಸೀಮೆಯ ವೈಕುಂಠಪುರದಲ್ಲಿ ಶೂಟಿಂಗ್. ಸೆಟ್ಟಿಲ್ಲ, ಹಾಡಿಲ್ಲ, ಸ್ಟಾರ್ ಇಲ್ಲ. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯನಾಗಿ ನಟಿಸಿದ ಗಿರೀಶ್ ಕಾರ್ನಾಡರ ಮನೆಮಾತು ಕೊಂಕಣಿ. ಕ್ಯಾಮೆರಾ ಹಿಡಿದ ಟಾಮ್ ಕೊವನ್ ಆಸ್ಟ್ರೇಲಿಯಾದವನು. ನಾರಣಪ್ಪನಾಗಿ ನಮ್ಮ ಲಂಕೇಶ್. ಸಂಗೀತ ರಾಜೀವ ತಾರಾನಾಥ. ಚಂದ್ರಿಯಾಗಿ ನಿರ್ದೇಶಕರ ಹೆಂಡತಿ ಸ್ನೇಹಲತಾ. ಆ ಕರಪತ್ರದ ಲೆಕ್ಕ ಹಿಡಿದರೆ ಅರ್ಧ ಯೂನಿಟ್ ವಾಪಸ್ ಬಸ್ ಹತ್ತಬೇಕಿತ್ತು.

ಆ ಕಾಲಕ್ಕೆ ಕನ್ನಡ ಸಿನಿಮಾದ ಹಣೆಬರಹ ಬರೆಯುತ್ತಿದ್ದದ್ದು ಮದರಾಸಿನ ಸೆನ್ಸಾರ್ ಮಂಡಳಿ. ಇದನ್ನು ಗಮನಿಸಿ. ಮಲೆನಾಡಿನ ಅಗ್ರಹಾರ, ಅಲ್ಲಿ ಕೊಳೆಯುತ್ತಿರುವ ಒಂದು ಹೆಣ, ಸಂಸ್ಕಾರ ಮಾಡುವವರು ಯಾರು ಎಂಬ ಜಗಳ. ಇದನ್ನು ಕನ್ನಡಿಗರು ನೋಡಬಹುದೋ ಬೇಡವೋ ಎಂದು ಮದರಾಸು ತೀರ್ಮಾನಿಸಿತು. ಜಾತಿ ಗಲಭೆ ಆದೀತು ಎಂದು ನಿಷೇಧ! ಆ ನಿಷೇಧದ ವಿರುದ್ಧ ನಿಂತು ದೆಹಲಿಯ ವಾರ್ತಾ ಸಚಿವಾಲಯದ ತನಕ ಹೋಗಿ ಚಿತ್ರ ಬಿಡಿಸಿಕೊಂಡು ಬಂದರು. ಯಾವ ಗಲಭೆಯೂ ಆಗಲಿಲ್ಲ. 1970ರ ಸಾಲಿನ ದೇಶದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿ ಬಂತು. ಕನ್ನಡಕ್ಕೆ ಆ ಮರ್ಯಾದೆ ಅದೇ ಮೊದಲು. ತಂದವನು ನೆಲ್ಲೂರಿನವನು.

ಅಮೆರಿಕದಲ್ಲಿ 1947ರಲ್ಲಿ ಹತ್ತು ಜನ ಸಿನಿಮಾದವರನ್ನು ಕಪ್ಪುಪಟ್ಟಿಗೆ ಹಾಕಿದರು. ಅವರಲ್ಲೊಬ್ಬ, ಹರ್ಬರ್ಟ್ ಬೈಬರ್‌ಮನ್, ಗಣಿ ಕಾರ್ಮಿಕರ ಬಗ್ಗೆ ಚಿತ್ರ ಮಾಡಿದರೆ ಥಿಯೇಟರುಗಳೇ ಬಾಗಿಲು ಹಾಕಿಕೊಂಡವು. ನಮ್ಮಲ್ಲಿ ಅಂಥ ಪಟ್ಟಿ ಮಾಡುವವರು ಅದನ್ನು ಅಚ್ಚು ಹಾಕಿಸುವುದಿಲ್ಲ, ಹಾಕಿಸಿದ್ದರೆ ನಮ್ಮಂಥವರಿಗೆ ನಾಲ್ಕು ಕಾಸಾದರೂ ಸಿಗುತ್ತಿತ್ತು. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಬಂದಾಗ ದೆಹಲಿಯಲ್ಲಿ ಪತ್ರಿಕೆಗಳ ಪ್ರೆಸ್ಸಿಗೆ ಕರೆಂಟ್ ತೆಗೆದರು. ಆದೇಶ ಬೇಡ, ಸೀಲು ಬೇಡ, ಸ್ವಿಚ್ ಸಾಕು. ಪ್ರೆಸ್ ನಡೆಸುವವನಿಗೆ ಇದರ ಅರ್ಥ ಬೇಗ ಆಗುತ್ತದೆ.

ರೆಡ್ಡಿ ದಂಪತಿ ಜಾರ್ಜ್ ಫರ್ನಾಂಡಿಸ್ ಅವರ ಸ್ನೇಹಿತರು. 1976ರ ಮೇ 2ರಂದು ಸ್ನೇಹಲತಾರನ್ನು ಹಿಡಿದರು. ಬರೋಡಾ ಡೈನಮೈಟ್ ಕೇಸು ಎಂದರು. ಆರೋಪಪಟ್ಟಿಯಲ್ಲಿ ಕೊನೆಗೆ ಆಕೆಯ ಹೆಸರೇ ಇರಲಿಲ್ಲ. ಆದರೂ ಮೀಸಾ ಹಾಕಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳು ಇಟ್ಟರು. ವಿಚಾರಣೆಯೇ ಇಲ್ಲ. ಆಕೆಗೆ ಆಸ್ತಮಾ. ಅದೇ ಜೈಲಿನಲ್ಲಿದ್ದ ಮಧು ದಂಡವತೆ, ರಾತ್ರಿ ಆಕೆಯ ನರಳಾಟ ತಮಗೆ ಕೇಳುತ್ತಿತ್ತೆಂದು ಬರೆದಿದ್ದಾರೆ. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. 20ರಂದು ತೀರಿಕೊಂಡರು. ಐದೇ ದಿನ.

ಆ ಜೈಲೇ ಈಗಿನ ಫ್ರೀಡಂ ಪಾರ್ಕ್. ವಿಜಯನಗರದಲ್ಲಿ ಮೆಟ್ರೋ ಹತ್ತಿ ವಿಶ್ವೇಶ್ವರಯ್ಯ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಧರಣಿಗೆಂದು ನೀವು ಎಷ್ಟು ಸಲ ಹೋಗಿದ್ದೀರಿ! ಚಂದ್ರಿ ಉಸಿರಿಗಾಗಿ ಒದ್ದಾಡಿದ ಜಾಗ ಅದು.

ಹೆಂಡತಿಯನ್ನು ಕಳೆದುಕೊಂಡ ಆ ವರ್ಷವೇ ಪಟ್ಟಾಭಿಯವರ 'ಚಂಡಮಾರುತ' ಬಂತು, ಲಂಕೇಶರ ನಾಟಕದ ಮೇಲೆ ಮಾಡಿದ್ದು. ಆಮೇಲೆ 'ಶೃಂಗಾರಮಾಸ', 'ದೇವರಕಾಡು'. ಅಷ್ಟೇ. ಮೊದಲ ಚಿತ್ರಕ್ಕೇ ರಾಷ್ಟ್ರಪ್ರಶಸ್ತಿ ಪಡೆದವರಿಗೆ ಇಡೀ ಬಾಳಿನಲ್ಲಿ ಆದದ್ದು ಕೈಬೆರಳೆಣಿಕೆಯ ಚಿತ್ರ. ನಮ್ಮ ಗಾಂಧಿನಗರ ಅವರನ್ನು ಹೊರಗಿಡಲು ಯಾವ ಪಟ್ಟಿಯನ್ನೂ ಮಾಡಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. 2006ರ ಮೇ 6ರಂದು ಬೆಂಗಳೂರಿನಲ್ಲೇ ಹೋದರು.

ಆ ಕರಪತ್ರದ ಹುಡುಗರು ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾರೆ. 'ಸಂಸ್ಕಾರ' ನೋಡದವರು ಕೈ ಎತ್ತಿ ನೋಡೋಣ. ಪರವಾಗಿಲ್ಲ, ಇಳಿಸಿ. ಮುಂದಿನ ಭಾನುವಾರ ಪ್ರೊಜೆಕ್ಟರ್ ನೀವು ಹೊಂದಿಸಿ. ಪರದೆಗೆ ಬಿಳಿ ಬಟ್ಟೆ, ಪೋಸ್ಟರ್ ಖರ್ಚು ನನ್ನದು. ಪೋಸ್ಟರಿನಲ್ಲಿ ಪಟ್ಟಾಭಿ, ಸ್ನೇಹಲತಾ ಇಬ್ಬರ ಹೆಸರೂ ದಪ್ಪಕ್ಷರದಲ್ಲಿ ಇರುತ್ತದೆ.