ರೋಗಕ್ಕೆ ಮೊದಲೇ ಬರೆಯುವ ಸಂಕೇತ



ಗಾದಿಗನೂರಿನ ಬಳಿ ಹೆದ್ದಾರಿಯಲ್ಲಿ ಲಾರಿಯೊಂದು ಮಗುಚಿತು, ಚಾಲಕನನ್ನು ಆಸ್ಪತ್ರೆಗೆ ತಂದರು ಎಂದಿಟ್ಟುಕೊಳ್ಳಿ. ರಕ್ತ ಪರೀಕ್ಷೆಯಲ್ಲಿ ಮದ್ಯದ ಅಂಶ ಕಂಡಿತು. ಇಷ್ಟರಿಂದಲೇ ಆತ ಚಟಕ್ಕೆ ಬಿದ್ದವನು ಎನ್ನಲಾದೀತೇ? ಆಗದು. ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇಂಥಲ್ಲಿ ಬರೆಯುವ ಸಂಕೇತ ಆರ್ 78.0. ರಕ್ತದಲ್ಲಿ ಮದ್ಯ ಕಂಡಿದೆ ಎಂದಷ್ಟೇ ಅದು ಹೇಳುತ್ತದೆ. ಕುಡಿತವೇ ಕಾಯಿಲೆಯಾಗಿದೆ ಎಂದು ವೈದ್ಯರು ತೀರ್ಮಾನಿಸಿದರೆ ಸಂಕೇತವೇ ಬೇರೆ, ಎಫ್ 10.

ಆರ್ 78ರ ಕೆಳಗೆ ರಕ್ತದಲ್ಲಿ ಇರಬಾರದ್ದೆಲ್ಲ ಸಾಲಾಗಿ ಬರುತ್ತದೆ: ಅಫೀಮು ಜಾತಿಯ ಮದ್ದಿಗೆ 78.1, ಕೊಕೇನಿಗೆ 78.2, ಸ್ಟೀರಾಯ್ಡ್‌ಗೆ 78.6, ಮಿತಿ ಮೀರಿದ ಭಾರಲೋಹಕ್ಕೆ 78.7. ಸೀಸದ ವಿಷವೇ ಏರಿದೆ ಎಂದು ಖಚಿತವಾದರೆ ಮಾತ್ರ ಟಿ 56.0. 'ಕಂಡಿದೆ' ಎಂಬುದನ್ನೂ 'ಕಾಯಿಲೆಯಾಗಿದೆ' ಎಂಬುದನ್ನೂ ಹೀಗೆ ಬೇರ್ಪಡಿಸಲು ವೈದ್ಯಲೋಕಕ್ಕೆ ನೂರು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಏಕೆಂದರೆ ಈ ಪಟ್ಟಿ ಶುರುವಾದದ್ದು ಸಾವಿನ ಎಣಿಕೆಯಿಂದ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ವಿಲಿಯಂ ಫಾರ್ ಎಂಬ ವೈದ್ಯ ಸರ್ಕಾರದ ಮರಣ ದಾಖಲೆಗಳನ್ನು ಜೋಡಿಸುತ್ತ, ಒಂದೇ ಕಾಯಿಲೆಗೆ ಹತ್ತು ಹೆಸರು ಇರುವುದನ್ನು ಕಂಡು ಬೇಸತ್ತ. ಎಲ್ಲ ದೇಶಗಳಿಗೂ ಒಂದೇ ಪಟ್ಟಿ ಬೇಕೆಂದು ವಾದಿಸಿದ. 1893ರಲ್ಲಿ ಪ್ಯಾರಿಸ್ಸಿನ ಜಾಕ್ ಬರ್ಟಿಲಾನ್ ಅಂಥ ಪಟ್ಟಿಯೊಂದನ್ನು ಷಿಕಾಗೋ ಸಭೆಯ ಮುಂದಿಟ್ಟ. 1900ರಲ್ಲಿ ಅದರ ಮೊದಲ ಪರಿಷ್ಕರಣೆಯಾಯಿತು. ಅದರಲ್ಲಿದ್ದದ್ದು ಸಾವಿನ ಕಾರಣಗಳು. 1948ರ ಆರನೇ ಆವೃತ್ತಿಯಿಂದ ವಿಶ್ವ ಆರೋಗ್ಯ ಸಂಸ್ಥೆ ಹೊಣೆ ಹೊತ್ತಿತು; ಬದುಕಿರುವವರ ಕಾಯಿಲೆಗಳೂ ಪಟ್ಟಿಗೆ ಸೇರಿದವು.

ರಕ್ತದಲ್ಲಿ ಸಿಕ್ಕ ವಸ್ತುವಿಗೆ ತನ್ನದೇ ಜಾಗ ಸಿಗಲು ಇನ್ನೂ ಕಾಯಬೇಕಾಯಿತು. ಅಮೆರಿಕದ ಆಸ್ಪತ್ರೆಗಳು ಬಳಸುತ್ತಿದ್ದ ಒಂಬತ್ತನೇ ಆವೃತ್ತಿಯಲ್ಲಿ ಮದ್ಯಕ್ಕೆ 790.3 ಎಂಬ ಸಂಖ್ಯೆ ಇತ್ತು. ಸೀಸವನ್ನು ಮಾತ್ರ ತಾಮ್ರ, ಕಬ್ಬಿಣ, ಸತುವಿನ ಜೊತೆ 790.6ಕ್ಕೆ ತಳ್ಳಿದ್ದರು. 1990ರಲ್ಲಿ ಒಪ್ಪಿಗೆ ಪಡೆದ ಹತ್ತನೇ ಆವೃತ್ತಿ ಆರ್ 78 ಎಂಬ ಪ್ರತ್ಯೇಕ ಗುಂಪನ್ನು ಕೊಟ್ಟಿತು. ನಮ್ಮ ದೇಶದ ಮರಣ ಕಾರಣ ಪ್ರಮಾಣಪತ್ರಗಳಿಗೂ ಈ ಹತ್ತನೇ ಆವೃತ್ತಿಯೇ ಆಧಾರ. ಹನ್ನೊಂದನೆಯದು 2022ರ ಜನವರಿ 1ರಂದು ಜಾರಿಗೆ ಬಂದಿದೆ.

ಕಾಯಿಲೆ ಬೀಳುವ ಮೊದಲೇ ರಕ್ತ ನೋಡಿ ಎಣಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. ಇಲ್ಲಿನ ಜಾರ್ಜ್ ಫೌಂಡೇಷನ್ ಎಂಬ ಸಂಸ್ಥೆ ತೊಂಬತ್ತರ ದಶಕದ ಕೊನೆಯಲ್ಲಿ ದೇಶದ ಏಳು ನಗರಗಳಲ್ಲಿ ಜನರ ರಕ್ತದಲ್ಲಿ ಸೀಸ ಹುಡುಕಿಸಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕ ತುಪ್ಪಿಲ್ ವೆಂಕಟೇಶ್ ಈ ಕೆಲಸದ ಮುಂಚೂಣಿಯಲ್ಲಿದ್ದರು. ಪರೀಕ್ಷೆಗೊಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚಿನವರ ರಕ್ತದಲ್ಲಿ, ಪ್ರತಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಅಥವಾ ಅದಕ್ಕೂ ಮಿಕ್ಕಿದ ಸೀಸ ಸಿಕ್ಕಿತು. ಆ ಮಕ್ಕಳು ಆಡಿಕೊಂಡಿದ್ದವರೇ, ಶಾಲೆಗೆ ಹೋಗುತ್ತಿದ್ದವರೇ. ಸೀಸರಹಿತ ಪೆಟ್ರೋಲ್ 1995ರಲ್ಲೇ ಮಹಾನಗರಗಳಿಗೆ ಬರತೊಡಗಿತ್ತು. ಸೀಸ ಬೆರೆತ ಪೆಟ್ರೋಲನ್ನು ಪೂರ್ತಿ ನಿಲ್ಲಿಸಬೇಕೆಂಬ ಬೇಡಿಕೆಗೆ ಈ ಅಂಕಿಗಳು ಬಲ ಕೊಟ್ಟವು. 2000ದ ಫೆಬ್ರವರಿ 1ರಿಂದ ದೇಶಾದ್ಯಂತ ಸೀಸ ಬೆರೆತ ಪೆಟ್ರೋಲಿಗೆ ತೆರೆ ಬಿತ್ತು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2016ರಲ್ಲಿ ಬಂತು.

ಇನ್ನೊಂದು ಮಾತು. ಸಂಕೇತ ನಿಂತಲ್ಲೇ ನಿಂತರೂ ಮಿತಿ ಬದಲಾಗುತ್ತಿರುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಮಕ್ಕಳ ರಕ್ತದ ಸೀಸಕ್ಕೆ 1991ರಲ್ಲಿ 10 ಎಂದಿತ್ತು, 2012ರಲ್ಲಿ 5 ಎಂದಿತು, 2021ರಲ್ಲಿ 3.5ಕ್ಕೆ ಇಳಿಸಿತು. ಅಂದು ಚಿಂತೆಯಿಲ್ಲವೆಂದು ಮನೆಗೆ ಕಳುಹಿಸಿದ, ಡೆಸಿಲೀಟರಿಗೆ 8 ಮೈಕ್ರೋಗ್ರಾಂ ಸೀಸವಿದ್ದ ಮಗು, ಇಂದು ಕಣ್ಣಿಡಬೇಕಾದ ಮಗು. ಹಾಗಾಗಿ ಸಂಕೇತವೊಂದೇ ಸಾಲದು, ಎಷ್ಟಿತ್ತು ಎಂಬ ಅಂಕಿಯೂ ದಾಖಲೆಯಲ್ಲಿ ಇರಬೇಕು.

ನಮ್ಮ ಸೀಮೆಗೆ ಇದು ದೂರದ ಮಾತಲ್ಲ. ಸಂಡೂರಿನ ಗುಡ್ಡಗಳಲ್ಲಿ ಮ್ಯಾಂಗನೀಸ್ ಇದೆ. ದೇಹಕ್ಕೆ ಅದು ಚೂರು ಬೇಕು; ಅದರ ದೂಳನ್ನು ವರ್ಷಗಟ್ಟಲೆ ಕುಡಿದರೆ ಮಿದುಳಿಗೇ ಪೆಟ್ಟು. ಲಾರಿ, ಟ್ರ್ಯಾಕ್ಟರ್‌ಗಳ ಹಳೆ ಬ್ಯಾಟರಿ ಒಡೆಯುವ ಕಡೆ ಸೀಸವಿದೆ. ಆದರೆ ಹೊರರೋಗಿಯ ರಕ್ತ ಪರೀಕ್ಷೆಯ ರಿಪೋರ್ಟ್ ಬಹುಪಾಲು ಆತನ ಕೈಚೀಲದಲ್ಲೇ ಉಳಿಯುತ್ತದೆ. ಲೆಕ್ಕಕ್ಕೆ ಬಾರದ್ದು ಸರ್ಕಾರದ ಕಣ್ಣಿಗೂ ಬೀಳುವುದಿಲ್ಲ.

ಆದ್ದರಿಂದ ಹೊಸಪೇಟೆ, ಸಂಡೂರು, ಕಂಪ್ಲಿಯ ಕೇಳುಗರಲ್ಲಿ ನನ್ನ ಬಿನ್ನಹ ಇಷ್ಟು. ವೈದ್ಯರ ಬಳಿ ಹೋದಾಗ ನೀವು ಮಾಡುವ ಕೆಲಸ ಯಾವುದೆಂದು ತಪ್ಪದೆ ಹೇಳಿ. ನುಂಗುವ ಮಾತ್ರೆ, ನಾಟಿ ಔಷಧಿ, ಭಸ್ಮ ಯಾವುದನ್ನೂ ಮುಚ್ಚಿಡಬೇಡಿ. ರಕ್ತ ಪರೀಕ್ಷೆಯ ಅಂಕಿಯನ್ನು ಚೀಟಿಯಲ್ಲಿ ಬರೆಸಿಕೊಂಡು, ಆ ಚೀಟಿಯನ್ನು ಜೋಪಾನವಾಗಿಡಿ.