ಚಾಮುಂಡಿ ಬೆಟ್ಟದ ಹಣ್ಣುನೊಣ ಮತ್ತು ಉಲ್ಲೇಖಗಳ ಲೆಕ್ಕ

ಕಳಿತ ಬಾಳೆಹಣ್ಣಿಗೆ ಮುತ್ತುವ ಪುಟ್ಟ ಹಣ್ಣುನೊಣಕ್ಕೆ ವಿಜ್ಞಾನದಲ್ಲಿ ಡ್ರೊಸೊಫಿಲ ಎಂದು ಹೆಸರು. 1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಬಿಳಿಗಣ್ಣಿನ ಗಂಡು ನೊಣವೊಂದನ್ನು ಕಂಡರು. ಅಂದಿನಿಂದ ತಳಿವಿಜ್ಞಾನ ಈ ನೊಣದ ಬೆನ್ನು ಬಿಟ್ಟಿಲ್ಲ. ಇದರ ಒಂದು ತಲೆಮಾರು ಮುಗಿಯಲು ಹತ್ತು ಹನ್ನೆರಡು ದಿನ ಸಾಕು. ಮರಿಹುಳುವಿನ ಜೊಲ್ಲುಗ್ರಂಥಿಯಲ್ಲಿ ವರ್ಣತಂತುಗಳು ಸಾಧಾರಣ ಸೂಕ್ಷ್ಮದರ್ಶಕಕ್ಕೂ ಪಟ್ಟೆಪಟ್ಟೆಯಾಗಿ ಕಾಣುತ್ತವೆ. ದುಬಾರಿ ಯಂತ್ರಗಳಿಲ್ಲದ ಕಾಲದಲ್ಲಿ ಭಾರತದ ವಿಶ್ವವಿದ್ಯಾಲಯಗಳಿಗೆ ಇದಕ್ಕಿಂತ ಒಳ್ಳೆಯ ಪ್ರಾಣಿ ಸಿಗುವಂತಿರಲಿಲ್ಲ.

ಮೈಸೂರಿನಲ್ಲಿ ಈ ಅಧ್ಯಯನಕ್ಕೆ ನೆಲೆ ಸಿಕ್ಕಿದ್ದು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ. ಎಂ. ಆರ್. ರಾಜಶೇಖರಸೆಟ್ಟಿ, ಅವರ ನಂತರ ಎನ್. ಬಿ. ಕೃಷ್ಣಮೂರ್ತಿ ಅದನ್ನು ಬೆಳೆಸಿದರು. ಮೊದಲ ಕೆಲಸ ನಮ್ಮ ಸುತ್ತ ಯಾವ ಯಾವ ಪ್ರಭೇದಗಳಿವೆ ಎಂದು ಗುರುತಿಸುವುದು. 1968ರಲ್ಲಿ ಶ್ರೀರಾಮರೆಡ್ಡಿ ಮತ್ತು ಕೃಷ್ಣಮೂರ್ತಿ ಮೈಸೂರಿನ ನೊಣವೊಂದನ್ನು ಹೊಸ ಪ್ರಭೇದವೆಂದು ವರ್ಣಿಸಿ, ಹಿರಿಯರ ಗೌರವಾರ್ಥ ಡ್ರೊಸೊಫಿಲ ರಾಜಶೇಖರಿ ಎಂದು ಕರೆದರು. ಎರಡು ವರ್ಷಗಳ ಮೇಲೆ ಡ್ರೊಸೊಫಿಲ ಮೈಸೂರೆನ್ಸಿಸ್ ಬಂತು.

ರಾಜಶೇಖರಿ ಎಂಬ ಹೆಸರು ಬಹುಕಾಲ ಉಳಿಯಲಿಲ್ಲ. ಕೊಯಮತ್ತೂರಿನ ನೊಣಗಳನ್ನು ನೋಡಿ ಮ್ಯಾಲೋಕ್ 1924ರಲ್ಲೇ ವರ್ಣಿಸಿದ್ದ ಬೈಆರ್ಮಿಪಿಸ್ ಎಂಬ ಪ್ರಭೇದವೂ ಇದೂ ಒಂದೇ ಎಂದು ತಿಳಿದುಬಂತು. ಮೊದಲು ಇಟ್ಟ ಹೆಸರಿಗೇ ಮಾನ್ಯತೆ ಎಂಬುದು ಪ್ರಾಣಿನಾಮಕರಣದ ನಿಯಮ. ಆದರೆ ನೊಣದ ಮಹತ್ವ ಬೆಳೆಯುತ್ತಲೇ ಹೋಯಿತು. ಇದರ ಗಂಡಿನ ರೆಕ್ಕೆಯ ತುದಿಯಲ್ಲಿ ಕಪ್ಪು ಮಚ್ಚೆಯಿದೆ. ಹೆಣ್ಣನ್ನು ಒಲಿಸಿಕೊಳ್ಳುವಾಗ ಗಂಡು ಅದನ್ನು ಪ್ರದರ್ಶಿಸುತ್ತದೆ. 2005ರಲ್ಲಿ ಅಮೆರಿಕದ ಷಾನ್ ಕ್ಯಾರಲ್ ಅವರ ತಂಡ ನೇಚರ್ ಪತ್ರಿಕೆಯಲ್ಲಿ ಈ ಮಚ್ಚೆಯ ಮೂಲವನ್ನು ವಿವರಿಸಿತು. ಬಣ್ಣ ತರುವ ‘ಯೆಲ್ಲೋ’ ಎಂಬ ವಂಶವಾಹಿ ಹೊಸದೇನಲ್ಲ. ಅದನ್ನು ಎಲ್ಲಿ, ಎಷ್ಟು ಚಾಲೂ ಮಾಡಬೇಕೆಂದು ನಿರ್ಧರಿಸುವ ಪಕ್ಕದ ಡಿಎನ್ಎ ತುಣುಕು ಬದಲಾಗಿತ್ತು. ದೇಹದ ವಿನ್ಯಾಸಗಳು ವಿಕಾಸವಾಗುವ ಬಗೆಗೆ ಇದು ಮೊದಲ ಸಾಲಿನ ನಿದರ್ಶನ.

ಇಲ್ಲಿ ಉಲ್ಲೇಖಗಳ ಲೆಕ್ಕದ ಮಾತು ಬರುತ್ತದೆ. ಒಂದು ಪ್ರಬಂಧವನ್ನು ಬೇರೆ ಪ್ರಬಂಧಗಳು ಎಷ್ಟು ಬಾರಿ ಹೆಸರಿಸಿವೆ ಎಂದು ಕಲೆಹಾಕುವ ಸೂಚಿಯನ್ನು ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಹೊರತಂದರು. ಸಂಬಂಧಪಟ್ಟ ಬರಹಗಳನ್ನು ಹುಡುಕಲು ಹುಟ್ಟಿದ ಸಾಧನ ಕ್ರಮೇಣ ವಿಜ್ಞಾನಿಯನ್ನು ತೂಗುವ ತಕ್ಕಡಿಯಾಯಿತು. 2005ರಲ್ಲೇ ಹೋರ್ಹೆ ಹಿರ್ಷ್ ಇಡೀ ವೃತ್ತಿಜೀವನವನ್ನು ಒಂದೇ ಅಂಕಿಗೆ ಇಳಿಸುವ ಎಚ್-ಸೂಚ್ಯಂಕವನ್ನು ಕೊಟ್ಟರು: ಕನಿಷ್ಠ ಹತ್ತು ಬಾರಿ ಉಲ್ಲೇಖಗೊಂಡ ಹತ್ತು ಪ್ರಬಂಧಗಳಿದ್ದರೆ ಸೂಚ್ಯಂಕ ಹತ್ತು. ಈ ತಕ್ಕಡಿಯಲ್ಲಿ ಪ್ರಭೇದ ಗುರುತಿಸುವವರಿಗೆ ಅನ್ಯಾಯವಾಗುವುದು ನಿಜ. ಅಣುಜೀವಶಾಸ್ತ್ರದ ಪ್ರಬಂಧ ನೊಣದ ಹೆಸರನ್ನು ಬರೆಯುತ್ತದೆ. ಆ ಹೆಸರನ್ನು ನಿಶ್ಚಯಿಸಿದ ಮೂಲ ವರ್ಣನೆಯನ್ನು ಸಾಮಾನ್ಯವಾಗಿ ಉಲ್ಲೇಖಪಟ್ಟಿಗೆ ಸೇರಿಸುವುದಿಲ್ಲ.

ಮೈಸೂರಿನ ಮುಂದಿನ ತಲೆಮಾರು ಇನ್ನೊಂದು ದಾರಿ ಹಿಡಿಯಿತು. ನಸೂಟ ಎಂಬ ನೊಣಕ್ಕೆ ಎಂಟು ವರ್ಣತಂತುಗಳು, ಅದರ ಹತ್ತಿರದ ನಂಟ ಅಲ್ಬೊಮಿಕನ್ಸ್‌ಗೆ ಆರೇ. ಅಲ್ಬೊಮಿಕನ್ಸ್‌ನಲ್ಲಿ ಮೂರನೆಯ ವರ್ಣತಂತು ಲಿಂಗ ವರ್ಣತಂತುಗಳೊಡನೆ ಬೆಸೆದುಕೊಂಡಿದೆ. ಎಚ್. ಎ. ರಂಗನಾಥ್ ಮತ್ತು ಎನ್. ಬಿ. ರಾಮಚಂದ್ರ ಇವೆರಡನ್ನೂ ಕೂಡಿಸಿ, ಮಿಶ್ರ ಸಂತತಿಯನ್ನು ತಲೆಮಾರುಗಟ್ಟಲೆ ಸಾಕಿ, ಹೊಸ ವರ್ಣತಂತು ಜೋಡಣೆಯ ಸ್ಥಿರ ತಳಿಗಳನ್ನು ಪಡೆದರು. ಅವಕ್ಕೆ ‘ಸೈಟೋರೇಸ್’ ಎಂದು ಹೆಸರು. ಪ್ರಭೇದಗಳು ಬೇರ್ಪಡುವ ಆರಂಭದ ಹಂತವನ್ನು ಸೀಸೆಯೊಳಗೇ ನೋಡುವಂತಾದದ್ದು ಮೈಸೂರಿನ ದೊಡ್ಡ ಕೊಡುಗೆ. 2012ರಲ್ಲಿ ಅಲ್ಬೊಮಿಕನ್ಸ್‌ನ ಜೀನೋಮ್ ಕರಡು ಪ್ರಕಟವಾದಾಗ, ಈ ಬೆಸೆದ ವರ್ಣತಂತುವೇ ಅದರ ಕೇಂದ್ರ ವಿಷಯವಾಗಿತ್ತು.

ಇದೇ ನಸೂಟ ಚಾಮುಂಡಿ ಬೆಟ್ಟದ ಪೊದೆಗಳಲ್ಲೂ ಹಾರಾಡುತ್ತದೆ. ಬಿ. ಆರ್. ಗುರುಪ್ರಸಾದ್, ಎಸ್. ಎನ್. ಹೆಗ್ಡೆ ಮತ್ತು ಎಂ. ಎಸ್. ಕೃಷ್ಣ ಬೆಟ್ಟದ 680, 780, 880 ಮತ್ತು 980 ಮೀಟರ್ ಎತ್ತರಗಳಲ್ಲಿ ಸಂಗ್ರಹಿಸಿದ 16,671 ನೊಣಗಳ ವಿವರವನ್ನು 2010ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ 20 ಪ್ರಭೇದಗಳಿದ್ದವು. 14 ಒಂದೇ ಉಪಕುಲಕ್ಕೆ, ಸೋಫೊಫೊರಕ್ಕೆ, ಸೇರಿದ್ದವು. ಋತುವಿಗೆ ತಕ್ಕಂತೆ ಸಂಖ್ಯೆ ಏರಿಳಿಯುತ್ತಿತ್ತು, ಎತ್ತರ ಬದಲಾದಂತೆ ಪ್ರಭೇದಗಳ ಹಂಚಿಕೆಯೂ ಬದಲಾಗುತ್ತಿತ್ತು. ನಾಲ್ಕೂ ಎತ್ತರಗಳಲ್ಲಿ ಸಿಕ್ಕಿ ಪ್ರಬಲವೆನಿಸಿದವು ಎರಡು: ಪಂಜಾಬಿನ ಮಲೇರ್‌ಕೋಟ್ಲದ ಹೆಸರು ಹೊತ್ತ ಮಲೇರ್‌ಕೋಟ್ಲಿಯಾನ, ಮತ್ತು ನಸೂಟ.