ಕಾಯಿಲ್ ಸುಟ್ಟದ್ದು ಯಾರ ತಪ್ಪು?

1947ರಲ್ಲಿ ಅಮೆರಿಕದ ಗಾಟ್ಲೀಬ್ ಕಂಪನಿ ಪಿನ್‌ಬಾಲ್ ಆಟದ ಯಂತ್ರಕ್ಕೆ ಫ್ಲಿಪ್ಪರ್ ಎಂಬ ಪುಟ್ಟ ದಾಂಡುಗಳನ್ನು ಜೋಡಿಸಿತು. ಗುಂಡಿಯನ್ನು ಒತ್ತಿಯೇ ಹಿಡಿದರೆ ಉಕ್ಕಿನ ಚೆಂಡು ಎದ್ದ ದಾಂಡಿನ ಮಡಿಲಲ್ಲಿ ನಿಲ್ಲುತ್ತದೆ. ಗುರಿ ನೋಡಿ ಹೊಡೆಯಬಹುದು. ಮನೆಯಲ್ಲಿ ಯಂತ್ರವಿಟ್ಟುಕೊಂಡವರು ಮಾತ್ರ ‘ಬಿಡೋ, ಕಾಯಿಲ್ ಸುಟ್ಟೀತು!’ ಎಂದು ಗದರುವುದುಂಟು. ಓಮ್‌ನ ನಿಯಮವನ್ನೇ ಕೇಳೋಣ.

ಹಲವು ಹಳೆಯ ಯಂತ್ರಗಳಲ್ಲಿ ದಾಂಡನ್ನೆತ್ತುವ ಸುರುಳಿಯ ರೋಧ ಸುಮಾರು 4 ಓಮ್. 50 ವೋಲ್ಟಿಗೆ 12 ಆಂಪಿಯರ್ ದಾಟುವ ಪ್ರವಾಹ, 600 ವ್ಯಾಟ್ ಮೀರಿದ ಶಕ್ತಿ! ದಾಂಡು ಪೂರ್ತಿ ಎದ್ದೊಡನೆ ಸ್ವಿಚ್ಚೊಂದು ತೆರೆದುಕೊಂಡು, ಸುಮಾರು 150 ಓಮಿನ ಇನ್ನೊಂದು ಸುರುಳಿ ಸರಣಿಯಲ್ಲಿ ಸೇರುತ್ತದೆ. ಆಗ ಉಳಿಯುವುದು 16 ವ್ಯಾಟ್ ಅಷ್ಟೇ. ಸ್ವಿಚ್ಚು ಬಾಗಿ, ಇಲ್ಲವೇ ಕಿಡಿಗೆ ಅಂಟಿಕೊಂಡು ತೆರೆಯದೆ ಹೋದರೆ? ಆಗ ಕಾಯಿಲ್ ಸುಡುತ್ತದೆ. ಹುಡುಗನನ್ನು ಗದರುವ ಮುನ್ನ, ಪ್ಲಗ್ ಕಿತ್ತು, ಅದನ್ನು ನೋಡಿ.